ಗರ್ಭಾವಸ್ಥೆಯಲ್ಲಿ ಪ್ರಯಾಣ

ಗರ್ಭಾವಸ್ಥೆಯಲ್ಲಿ ಪ್ರಯಾಣ ಎಂಬುದು ಗರ್ಭಿಣಿಯರು ರೈಲು, ಬಸ್ಸು, ಕಾರು ಅಥವಾ ವಿಮಾನದಲ್ಲಿ ಸಂಚರಿಸುವಾಗ ಅನುಸರಿಸಬೇಕಾದ ಆರೋಗ್ಯ ಕ್ರಮಗಳಿಗೆ ಸಂಬಂಧಿಸಿದ ವಿಷಯವಾಗಿದೆ. ತೊಡಕುಗಳಿಲ್ಲದ ಗರ್ಭಾವಸ್ಥೆಯಲ್ಲಿ ಪ್ರಯಾಣವು ಸಾಮಾನ್ಯವಾಗಿ ಸುರಕ್ಷಿತವಾದುದು. ಹೆಚ್ಚಿನ ಸಂದರ್ಭಗಳಲ್ಲಿ ಅಪಾಯವು ಪ್ರಯಾಣದಿಂದಲೇ ಉಂಟಾಗುವುದಿಲ್ಲ; ರಕ್ತಸ್ರಾವ ಅಥವಾ ಅಕಾಲಿಕ ಹೆರಿಗೆ ನೋವು ಕಾಣಿಸಿಕೊಂಡ ವೇಳೆಯಲ್ಲಿ ಗರ್ಭಿಣಿಯು ಆಸ್ಪತ್ರೆಯಿಂದ ದೂರದಲ್ಲಿರುವುದರಿಂದ ಉಂಟಾಗುತ್ತದೆ. ಆದ್ದರಿಂದ ಪ್ರಯಾಣದ ಕಾಲ, ಜೊತೆಗಿರಬೇಕಾದ ದಾಖಲೆ ಮತ್ತು ದಾರಿಯಲ್ಲಿ ದೊರೆಯುವ ಚಿಕಿತ್ಸಾ ಸೌಲಭ್ಯ ಇವು ಮೂರೂ ಮುಖ್ಯವಾಗುತ್ತವೆ.

ಸೂಕ್ತ ಕಾಲ

14ರಿಂದ 28ನೇ ವಾರದವರೆಗಿನ ಅವಧಿಯನ್ನು ಪ್ರಯಾಣಕ್ಕೆ ಅನುಕೂಲಕರವೆಂದು ಪರಿಗಣಿಸಲಾಗಿದೆ. ಮೊದಲ ಮೂರು ತಿಂಗಳುಗಳಲ್ಲಿ ವಾಕರಿಕೆ ಮತ್ತು ಆಯಾಸ ಹೆಚ್ಚಾಗಿರುತ್ತವೆ. ಗರ್ಭಪಾತದ ಸಾಧ್ಯತೆಯೂ ಈ ಅವಧಿಯಲ್ಲೇ ಹೆಚ್ಚು. ಕೊನೆಯ ತಿಂಗಳುಗಳಲ್ಲಿ ಹೊಟ್ಟೆಯ ಭಾರ, ಬೆನ್ನುನೋವು ಮತ್ತು ಕಾಲಿನ ಬಾವಿನಿಂದಾಗಿ ಬಹಳ ಹೊತ್ತು ಕುಳಿತಿರುವುದು ಕಷ್ಟವಾಗುತ್ತದೆ.

ಅಧಿಕ ರಕ್ತದೊತ್ತಡ, ತೀವ್ರ ರಕ್ತಹೀನತೆ, ಅವಳಿ ಗರ್ಭ, ಹಿಂದೆ ಅವಧಿಗೆ ಮುನ್ನ ಹೆರಿಗೆಯಾದ ಇತಿಹಾಸ ಇರುವವರು ಹಾಗೂ ಮಾಸು ಗರ್ಭಕೋಶದ ಬಾಯಿಗೆ ಅಡ್ಡವಾಗಿರುವವರು ಯಾವುದೇ ತಿಂಗಳಿನಲ್ಲಿ ದೂರ ಪ್ರಯಾಣಕ್ಕೆ ಮೊದಲು ವೈದ್ಯರನ್ನು ಕಾಣಬೇಕು.

ದಿನನಿತ್ಯದ ಪ್ರಯಾಣ: ಬಂಗಾರಪೇಟೆ ಮತ್ತು ಕೆ.ಜಿ.ಎಫ್.

ಗರ್ಭಿಣಿಯರ ಪ್ರಯಾಣವೆಂದರೆ ಪ್ರವಾಸವಷ್ಟೇ ಅಲ್ಲ. ಕೋಲಾರ ಚಿನ್ನದ ಗಣಿಗಳು 2001ರ ಫೆಬ್ರವರಿ 28ರಂದು ಮುಚ್ಚಿದ ಬಳಿಕ ಆ ಭಾಗದ ಅನೇಕ ಕುಟುಂಬಗಳಿಗೆ ಬೆಂಗಳೂರಿನ ಉದ್ಯೋಗವೇ ಆಧಾರವಾಯಿತು. ಮಾರಿಕುಪ್ಪಂ, ಚಾಂಪಿಯನ್, ಊರ್ಗಾಂ, ಕೋರಮಂಡಲ್ ನಿಲ್ದಾಣಗಳ ಮೂಲಕ ಬಂಗಾರಪೇಟೆ ಜಂಕ್ಷನ್ ಸೇರುವ ರೈಲುಗಳಲ್ಲಿ ಪುರುಷರೊಂದಿಗೆ ಮಹಿಳೆಯರೂ ಪ್ರತಿದಿನ ಬೆಂಗಳೂರಿಗೆ ಹೋಗಿ ಬರುತ್ತಾರೆ. ಬಂಗಾರಪೇಟೆಯಿಂದ ಬೆಂಗಳೂರಿಗೆ ರೈಲು ಮಾರ್ಗದಲ್ಲಿ ಸುಮಾರು 70 ಕಿ.ಮೀ. ಅಂತರವಿದೆ.

ಇಂತಹ ಪ್ರಯಾಣದಲ್ಲಿ ದೂರಕ್ಕಿಂತ ಜನಸಂದಣಿಯೇ ಹೆಚ್ಚಿನ ತೊಂದರೆ ಕೊಡುತ್ತದೆ. ಬಹಳ ಹೊತ್ತು ನಿಂತಿದ್ದರೆ ತಲೆಸುತ್ತು ಬರಬಹುದು, ಕಾಲುಗಳಲ್ಲಿ ಬಾವು ಕಾಣಿಸಿಕೊಳ್ಳಬಹುದು. ಚಲಿಸುವ ರೈಲನ್ನು ಹತ್ತುವಾಗ ಬೀಳುವ ಅಪಾಯವಿದೆ. ಮಹಿಳೆಯರ ಬೋಗಿಯನ್ನು ಬಳಸುವುದು, ರೈಲು ಹೊರಡುವ ನಿಲ್ದಾಣದಲ್ಲೇ ಹತ್ತಿ ಆಸನ ಪಡೆಯುವುದು ಹಾಗೂ ನಿಲ್ದಾಣಕ್ಕೆ ಮುಂಚಿತವಾಗಿ ತಲುಪುವುದು ಉಪಯುಕ್ತ. ವೈಟ್‌ಫೀಲ್ಡ್ ಅಥವಾ ಕೃಷ್ಣರಾಜಪುರದಲ್ಲಿ ಇಳಿದು ನಮ್ಮ ಮೆಟ್ರೋ ನೇರಳೆ ಮಾರ್ಗವನ್ನು ಸೇರುವವರು ಮೆಟ್ಟಿಲುಗಳ ಬದಲು ಲಿಫ್ಟ್ ಬಳಸಬಹುದು. ಹಸಿವು ವಾಕರಿಕೆಯನ್ನು ಹೆಚ್ಚಿಸುವುದರಿಂದ ಕುಡಿಯುವ ನೀರು ಮತ್ತು ಮನೆಯ ತಿಂಡಿ ಜೊತೆಗಿರಬೇಕು.

ಕಾನೂನಿನಂತೆ ಅರ್ಹ ಉದ್ಯೋಗಿಗಳಿಗೆ ಮೊದಲ ಎರಡು ಮಕ್ಕಳಿಗೆ ತಲಾ 26 ವಾರಗಳ ವೇತನಸಹಿತ ರಜೆ ದೊರೆಯುತ್ತದೆ. ಇದರಲ್ಲಿ 8 ವಾರಗಳವರೆಗೆ ಹೆರಿಗೆಗೆ ಮುನ್ನವೇ ಪಡೆಯಬಹುದು. ಅಂದರೆ 32ನೇ ವಾರದ ನಂತರ ದಿನನಿತ್ಯದ ರೈಲು ಪ್ರಯಾಣವನ್ನು ನಿಲ್ಲಿಸಲು ಕಾನೂನಿನಲ್ಲಿ ಅವಕಾಶವಿದೆ.

ತವರಿಗೆ ಪ್ರಯಾಣ

ಚೊಚ್ಚಲ ಹೆರಿಗೆ ಮತ್ತು ಬಾಣಂತನ ತವರಿನಲ್ಲಿ ನಡೆಯುವುದು ಕರ್ನಾಟಕದ ಬಹುತೇಕ ಸಮುದಾಯಗಳ ರೂಢಿ. ಸೀಮಂತ ಅಥವಾ ತಮಿಳು ಕುಟುಂಬಗಳ ವಳೈಕಾಪ್ಪು ಮುಗಿದ ಮೇಲೆ ಮಗಳನ್ನು ಕರೆದೊಯ್ಯಲಾಗುತ್ತದೆ. ಗಡಿಭಾಗವಾದ ಬಂಗಾರಪೇಟೆ ಮತ್ತು ಕೆ.ಜಿ.ಎಫ್. ಪ್ರದೇಶದಲ್ಲಿ ತವರು ಆಂಧ್ರಪ್ರದೇಶದ ಕುಪ್ಪಂ ಕಡೆಯೋ ತಮಿಳುನಾಡಿನ ಕೃಷ್ಣಗಿರಿ, ವೇಲೂರು ಕಡೆಯೋ ಇರುವುದುಂಟು. ಶಾಸ್ತ್ರವನ್ನು ಒಂಬತ್ತನೆಯ ತಿಂಗಳಿಗೆ ಇಟ್ಟುಕೊಂಡಲ್ಲಿ ಪ್ರಯಾಣವು ಹೆರಿಗೆಯ ದಿನಗಳಿಗೆ ತೀರ ಸಮೀಪವಾಗುತ್ತದೆ. ಏಳನೆಯ ತಿಂಗಳಿನಲ್ಲೇ ತೆರಳಿದರೆ ಹೊಸ ಊರಿನ ವೈದ್ಯರಿಗೆ ತಪಾಸಣೆ ನಡೆಸಲು ಸಮಯ ಸಿಗುತ್ತದೆ.

ಊರು ಬದಲಾದಾಗ ಆಸ್ಪತ್ರೆಯೂ ಬದಲಾಗುತ್ತದೆ. ತಾಯಿ ಕಾರ್ಡ್, ರಕ್ತದ ಗುಂಪು, ಹಿಮೋಗ್ಲೋಬಿನ್ ಪ್ರಮಾಣ, ಸ್ಕ್ಯಾನಿಂಗ್ ವರದಿ ಮತ್ತು ಸೇವಿಸುತ್ತಿರುವ ಔಷಧಿಗಳ ಚೀಟಿ ಇವುಗಳನ್ನು ಪೆಟ್ಟಿಗೆಯಲ್ಲಿಡದೆ ಕೈಚೀಲದಲ್ಲೇ ಇಟ್ಟುಕೊಳ್ಳಬೇಕು. ತುರ್ತು ಸಂದರ್ಭದಲ್ಲಿ ಈ ಕಾಗದಗಳು ವೈದ್ಯರ ಸಮಯವನ್ನು ಉಳಿಸುತ್ತವೆ.

ವಾಹನಗಳು

ರೈಲು: ನಡೆದಾಡಲು ಸ್ಥಳ ಮತ್ತು ಶೌಚಾಲಯ ಇರುವುದರಿಂದ ದೂರ ಪ್ರಯಾಣಕ್ಕೆ ರೈಲು ಅನುಕೂಲಕರ. ಭಾರತೀಯ ರೈಲ್ವೆಯು ಹಿರಿಯ ನಾಗರಿಕರು, 45 ವರ್ಷ ಮೇಲ್ಪಟ್ಟ ಮಹಿಳೆಯರು ಮತ್ತು ಗರ್ಭಿಣಿಯರಿಗಾಗಿ ಕಾಯ್ದಿರಿಸುವ ಬೋಗಿಗಳಲ್ಲಿ ಕೆಲವು ಕೆಳ ಬರ್ತ್‌ಗಳನ್ನು ಮೀಸಲಿಟ್ಟಿದೆ. ರೈಲಿನಲ್ಲಿ ತುರ್ತು ನೆರವಿಗೆ 139 ಸಂಖ್ಯೆಗೆ ಕರೆ ಮಾಡಬಹುದು.

ಬಸ್ಸು: ಹಿಂಬದಿಯ ಆಸನಗಳಲ್ಲಿ ಕುಲುಕಾಟ ಹೆಚ್ಚಿರುವುದರಿಂದ ಮುಂಭಾಗ ಅಥವಾ ನಡುವಿನ ಆಸನ ಉತ್ತಮ. 2023ರ ಜೂನ್ 11ರಂದು ಜಾರಿಗೆ ಬಂದ ಶಕ್ತಿ ಯೋಜನೆಯಡಿ ಕರ್ನಾಟಕದ ಮಹಿಳೆಯರು ರಾಜ್ಯದೊಳಗಿನ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ಉಚಿತವಾಗಿ ಸಂಚರಿಸಬಹುದು.

ಕಾರು: ಸೀಟ್ ಬೆಲ್ಟ್ ಮಗುವಿಗೆ ಹಾನಿಕರ ಎಂಬ ನಂಬಿಕೆ ತಪ್ಪು. ಬೆಲ್ಟಿನ ಕೆಳಪಟ್ಟಿ ಹೊಟ್ಟೆಯ ಕೆಳಗೆ ಸೊಂಟದ ಮೂಳೆಗಳ ಮೇಲೆ, ಮೇಲ್ಪಟ್ಟಿ ಎದೆಯ ನಡುವಿನಿಂದ ಹೊಟ್ಟೆಯ ಪಕ್ಕಕ್ಕೆ ಹಾದುಹೋಗಬೇಕು. ಎರಡು ಗಂಟೆಗೊಮ್ಮೆ ವಾಹನ ನಿಲ್ಲಿಸಿ ಸ್ವಲ್ಪ ನಡೆಯುವುದು ಒಳ್ಳೆಯದು.

ವಿಮಾನ: ಹೆಚ್ಚಿನ ವಿಮಾನ ಸಂಸ್ಥೆಗಳು 36ನೇ ವಾರದ ನಂತರ ಪ್ರಯಾಣಕ್ಕೆ ಅನುಮತಿ ನೀಡುವುದಿಲ್ಲ, ಅದಕ್ಕೂ ಮುನ್ನವೇ ವೈದ್ಯರ ಪ್ರಮಾಣಪತ್ರ ಕೇಳಬಹುದು. ಅವಳಿ ಗರ್ಭಕ್ಕೆ ಈ ಮಿತಿ ಇನ್ನೂ ಕಡಿಮೆ.

ಗರ್ಭಾವಸ್ಥೆಯಲ್ಲಿ ರಕ್ತ ಹೆಪ್ಪುಗಟ್ಟುವ ಗುಣ ಹೆಚ್ಚುವುದರಿಂದ ನಾಲ್ಕು ಗಂಟೆಗಿಂತ ದೀರ್ಘವಾದ ಪ್ರಯಾಣದಲ್ಲಿ ಕಾಲಿನ ಅಭಿಧಮನಿಗಳಲ್ಲಿ ರಕ್ತ ಗಟ್ಟಿಯಾಗುವ ಸಂಭವವಿದೆ. ಕುಳಿತಲ್ಲೇ ಪಾದಗಳನ್ನು ಮೇಲಕ್ಕೆ ಕೆಳಕ್ಕೆ ಆಡಿಸುವುದು, ಆಗಾಗ ನಡೆಯುವುದು ಮತ್ತು ಸಾಕಷ್ಟು ನೀರು ಕುಡಿಯುವುದು ಇದನ್ನು ತಡೆಯಲು ಸಹಾಯಕ. ಶೌಚಾಲಯದ ಅನಾನುಕೂಲಕ್ಕೆ ಅಂಜಿ ನೀರು ಬಿಡುವುದು ಅಥವಾ ಮೂತ್ರ ತಡೆಹಿಡಿಯುವುದು ಮೂತ್ರನಾಳದ ಸೋಂಕಿಗೆ ದಾರಿಯಾಗುತ್ತದೆ.

ಅಪಾಯದ ಲಕ್ಷಣಗಳು ಮತ್ತು ತುರ್ತು ನೆರವು

ಈ ಕೆಳಗಿನ ಲಕ್ಷಣಗಳು ಕಂಡುಬಂದರೆ ಪ್ರಯಾಣವನ್ನು ನಿಲ್ಲಿಸಿ ಹತ್ತಿರದ ಆಸ್ಪತ್ರೆಗೆ ಹೋಗಬೇಕು:

• ರಕ್ತಸ್ರಾವ ಅಥವಾ ನೀರು ಹೋಗುವುದು
• ಬಿಟ್ಟು ಬಿಟ್ಟು ಬರುವ ಹೊಟ್ಟೆನೋವು
• ತೀವ್ರ ತಲೆನೋವು, ಕಣ್ಣು ಮಂಜಾಗುವುದು, ಮುಖ ಊದಿಕೊಳ್ಳುವುದು, ಫಿಟ್ಸ್
• ಮಗುವಿನ ಚಲನೆ ಕಡಿಮೆಯಾಗುವುದು
• ಒಂದೇ ಕಾಲಿನಲ್ಲಿ ನೋವು ಮತ್ತು ಬಾವು, ಉಸಿರಾಟದ ತೊಂದರೆ

ಕರ್ನಾಟಕದಲ್ಲಿ 2008ರಲ್ಲಿ ಆರಂಭವಾದ ಆರೋಗ್ಯ ಕವಚ ಆಂಬ್ಯುಲೆನ್ಸ್ ಸೇವೆಯನ್ನು 108ಕ್ಕೆ ಕರೆ ಮಾಡಿ ಪಡೆಯಬಹುದು. ನೆರೆಯ ಆಂಧ್ರಪ್ರದೇಶ ಮತ್ತು ತಮಿಳುನಾಡಿನಲ್ಲಿಯೂ ಇದೇ ಸಂಖ್ಯೆಯಿದೆ. 2011ರಲ್ಲಿ ಆರಂಭವಾದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮವು ಮನೆಯಿಂದ ಸರ್ಕಾರಿ ಆಸ್ಪತ್ರೆಗೆ, ಅಗತ್ಯವಿದ್ದರೆ ಅಲ್ಲಿಂದ ಮೇಲಿನ ಆಸ್ಪತ್ರೆಗೆ ಹಾಗೂ ಹೆರಿಗೆಯ ನಂತರ ಮನೆಗೆ ಉಚಿತ ಸಾರಿಗೆಯನ್ನು ಒದಗಿಸುತ್ತದೆ. ರಾಜ್ಯದಲ್ಲಿ ಬಾಣಂತಿ ಮತ್ತು ಮಗುವನ್ನು ಮನೆಗೆ ತಲುಪಿಸುವ ವಾಹನಗಳಿಗೆ ನಗು-ಮಗು ಎಂಬ ಹೆಸರಿದೆ. ಬಂಗಾರಪೇಟೆ ಭಾಗದವರಿಗೆ ಸಮೀಪದ ದೊಡ್ಡ ಆಸ್ಪತ್ರೆಗಳು ಜಿಲ್ಲಾ ಕೇಂದ್ರವಾದ ಕೋಲಾರದಲ್ಲಿವೆ. ಬೆಂಗಳೂರಿನಲ್ಲಿ ವಾಣಿ ವಿಲಾಸ ಆಸ್ಪತ್ರೆಯು ಸರ್ಕಾರಿ ಹೆರಿಗೆ ಆಸ್ಪತ್ರೆಗಳಲ್ಲಿ ಪ್ರಮುಖವಾದುದು.