ಬೌರಿಂಗ್‌ಪೇಟೆಯಿಂದ ಬಂಗಾರಪೇಟೆಗೆ

ನಮ್ಮ ಪೇಟೆಯಲ್ಲಿ ಚಿನ್ನದ ಗಣಿ ಇರಲಿಲ್ಲ. ಇದ್ದದ್ದು ಗಣಿಯ ಕಡೆಗೆ ಕವಲೊಡೆಯುವ ರೈಲು ಜಂಕ್ಷನ್. 1862ರಿಂದ 1870ರವರೆಗೆ ಮೈಸೂರಿನ ಕಮಿಷನರಾಗಿದ್ದ ಬೌರಿಂಗ್ ಸಾಹೇಬರ ಹೆಸರಿನ ಬೌರಿಂಗ್‌ಪೇಟೆಯೇ ಮುಂದೆ ಬಂಗಾರಪೇಟೆಯಾಯಿತು. ನಿಲ್ದಾಣದ ಸಂಕೇತಾಕ್ಷರ ‘ಬಿಡಬ್ಲ್ಯೂಟಿ’ಯಲ್ಲಿ ಸಾಹೇಬರು ಇನ್ನೂ ಇದ್ದಾರೆ!

ಪಕ್ಕದ ಕೆಜಿಎಫ್‌ಗೆ ‘ಲಿಟಲ್ ಇಂಗ್ಲೆಂಡ್’ ಎಂಬ ಅಡ್ಡಹೆಸರು ಬಂದದ್ದು ಬ್ರಿಟಿಷ್ ಅಧಿಕಾರಿಗಳ ಬಂಗಲೆ, ಕ್ಲಬ್ಬುಗಳಿಂದ. ಸುರಂಗಕ್ಕಿಳಿದ ಕಾರ್ಮಿಕರು ಬಾಳಿದ್ದು ಇಕ್ಕಟ್ಟಾದ ‘ಲೈನು’ಗಳಲ್ಲಿ, ಆ ಹೆಸರು ಅವರಿಗೂ ಸೇರಿದ್ದೆಂದು ನಾನು ಒಪ್ಪಲಾರೆ. ಅಲ್ಲಿಯ ನಿಜವಾದ ಗುರುತು ಸಯನೈಡ್ ದಿಬ್ಬಗಳು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿದ ಮೇಲೆ ಎಷ್ಟೋ ಜನ ದುಡಿಮೆಗಾಗಿ ನಮ್ಮ ಜಂಕ್ಷನ್ ಹಾದು ಬೆಂಗಳೂರಿಗೆ ಓಡಾಡುತ್ತಿದ್ದಾರೆ.

ನಮ್ಮೂರಿನವರು ಹೆಮ್ಮೆಯಿಂದ ಹೇಳಿಕೊಳ್ಳುವುದು ಚಿನ್ನದ ಮಾತನ್ನಲ್ಲ, ತಿಳಿನೀರಿನ ಪಾನಿಪುರಿಯನ್ನು. ಬೆಂಗಳೂರಿನ ಗಾಡಿಗಳ ಮೇಲೂ ಈಗ ಅದರೊಡನೆ ನಮ್ಮೂರ ಹೆಸರಿದೆ.