ಸಂಕರಣ

ದೇವನಹಳ್ಳಿ ಬಳಿಯ ಆವತಿಯ ಕಡೆ ರಾಗಿ ಬೆಳೆಯುವವರಿಗೆ ‘ಸಂಕರ ತಳಿ’ ಹೊಸ ಮಾತಲ್ಲ. ಮಂಡ್ಯದ ವಿ.ಸಿ. ಫಾರಂನಲ್ಲಿ ಲಕ್ಷ್ಮಣಯ್ಯನವರು ಭಾರತದ ರಾಗಿಯನ್ನೂ ಆಫ್ರಿಕಾದ ರಾಗಿಯನ್ನೂ ಕೂಡಿಸಿ ರೂಪಿಸಿದ ತಳಿಗಳೇ ‘ಇಂಡಾಫ್’. ಸಂಸ್ಕೃತದ ‘ಸಂಕರ’ ಎಂದರೆ ಬೆರಕೆ. ‘ವರ್ಣಸಂಕರ’ ಎನ್ನುವಾಗ ಅದಕ್ಕೆ ತಿರಸ್ಕಾರವೂ ಅಂಟಿತ್ತು. ವಿಜ್ಞಾನ ಅದನ್ನು ತೊಳೆದದ್ದು ನನಗೆ ಸಂತೋಷದ ಸಂಗತಿ.

ರಸಾಯನಶಾಸ್ತ್ರದಲ್ಲೂ ಇಂಥ ಬೆರಕೆಯ ಕಲ್ಪನೆಯೊಂದಿದೆ, ಅದೇ ‘ಸಂಕರಣ’; ಅದನ್ನು 1931ರಲ್ಲಿ ಮಂಡಿಸಿದವರು ಲೈನಸ್ ಪೌಲಿಂಗ್. ಇಲ್ಲಿ ಬೆರೆಯುವುದು ಒಂದೇ ಪರಮಾಣುವಿನ ಎಸ್ ಮತ್ತು ಪಿ ಕಕ್ಷಕಗಳು. ಅಯಾನಿನಲ್ಲಿರುವ ಕಾರ್ಬನ್ನಿನ ಸಂಕರಣ ತಿಳಿಯಲು ಅದರ ಸಿಗ್ಮಾ ಬಂಧಗಳನ್ನೂ ಬಂಧದಲ್ಲಿ ತೊಡಗದ ಎಲೆಕ್ಟ್ರಾನ್ ಜೋಡಿಯನ್ನೂ ಸೇರಿಸಿ ಎಣಿಸಬೇಕು: ನಾಲ್ಕಾದರೆ ಎಸ್‌ಪಿ3, ಮೂರಾದರೆ ಎಸ್‌ಪಿ2, ಎರಡಾದರೆ ಎಸ್‌ಪಿ. ಮೀಥೈಲ್ ಧನ ಅಯಾನಿನಲ್ಲಿ ಬಂಧ ಮೂರು, ಜೋಡಿ ಇಲ್ಲ. ಅದು ಎಸ್‌ಪಿ2, ಸಮತಲ, ಕೋನ 120 ಡಿಗ್ರಿ. ಮೀಥೈಲ್ ಋಣ ಅಯಾನಿಗೆ ಒಂದು ಜೋಡಿ ಹೆಚ್ಚು. ಎಸ್‌ಪಿ3, ಪಿರಮಿಡ್ಡಿನ ಆಕಾರ.

ಅಲೈಲ್ ಋಣ ಅಯಾನಿನಲ್ಲಿ ಮಾತ್ರ ಬರಿಯ ಎಣಿಕೆ ದಾರಿ ತಪ್ಪಿಸುತ್ತದೆ. ಅಲ್ಲಿ ಆ ಜೋಡಿ ಪಕ್ಕದ ದ್ವಿಬಂಧದೊಡನೆ ಹಂಚಿಹೋಗಲು ಪಿ ಕಕ್ಷಕದಲ್ಲೇ ಉಳಿಯುತ್ತದೆ; ಹಾಗಾಗಿ ಮೂರೂ ಕಾರ್ಬನ್ನುಗಳು ಎಸ್‌ಪಿ2.