ಒಂದು ಪೆನ್ಸಿಲ್ ಚಾಕುವಿನ ಕಥೆ

ಅಕ್ಕನ ಮಗನಿಗೆ ಈಗ ಹದಿಮೂರು ವರ್ಷ. ಹೋದ ಸಲ ಊರಿಗೆ ಹೋಗಿದ್ದಾಗ ನನ್ನನ್ನು ಹಿತ್ತಲಿಗೆ ಕರ್ಕೊಂಡು ಹೋಗಿ ಗುಟ್ಟಾಗಿ ಕೇಳಿದ: "ಮಾವ, ನಂಗೊಂದು ಮಡಚೋ ಚಾಕು ಕೊಡಿಸ್ತೀಯಾ? ಜಾಸ್ತಿ ದುಡ್ಡಿಂದು ಬೇಡ." ಅದು ಅಕ್ಕನಿಗೆ ಹೇಗೆ ಕೇಳಿಸ್ತೋ ಗೊತ್ತಿಲ್ಲ. "ಅವನ ಕೈಗೆ ಚಾಕು ಗೀಕು ಕೊಟ್ರೆ ನಿನ್ನ ಸುಮ್ನೆ ಬಿಡಲ್ಲ ನೋಡು" ಅಂತ ಅಡುಗೆಮನೆಯಿಂದಲೇ ಕೂಗಿದಳು.

ನಾವು ಶಾಲೆಗೆ ಹೋಗ್ತಿದ್ದಾಗ ಮೆಂಡರ್ ಕಳೆದುಕೊಂಡರೆ ಅರ್ಧ ಮುರಿದ ಬ್ಲೇಡೇ ಗತಿ. ಹಿಡಿಯೇ ಇಲ್ಲದ ಆ ಬ್ಲೇಡು ಕಂಪಾಸ್ ಬಾಕ್ಸಿನಲ್ಲಿ ಇದ್ದಿದ್ದಕ್ಕೆ ಅಕ್ಕನಾಗಲೀ ಅಮ್ಮನಾಗಲೀ ಬೈದ ನೆನಪಿಲ್ಲ. ಚಾಕು ಅಂದ ಕೂಡಲೇ ಮಾತ್ರ ಎಲ್ಲರ ಮುಖ ಬದಲಾಗುತ್ತೆ. ಬೆಂಗಳೂರಿಗೆ ವಾಪಸ್ ಬಂದ ಮೇಲೆ, ಹುಡುಗರಿಗೆ ಕೊಡಬಹುದಾದ ಅಗ್ಗದ ಚಾಕು ಯಾವುದು ಅಂತ ಹುಡುಕ್ತಾ ಕೂತೆ. ಆಗ ಸಿಕ್ಕಿದ್ದು ಜಪಾನಿನ ಹಿಗೋನೊಕಾಮಿ. ಅವತ್ತು ರಾತ್ರಿ ಎರಡು ಗಂಟೆಯವರೆಗೂ ಅದನ್ನೇ ಓದಿದೆ.

ಜಪಾನಿನ ಹ್ಯೋಗೊ ಪ್ರಾಂತ್ಯದಲ್ಲಿ ಮಿಕಿ ಅನ್ನೋ ಊರಿದೆ. 1578ರಿಂದ 1580ರವರೆಗೆ ಹಿದೆಯೋಶಿಯ ಸೈನ್ಯ ಅಲ್ಲಿನ ಕೋಟೆಗೆ ಮುತ್ತಿಗೆ ಹಾಕಿತ್ತು. ಹಾಳಾದ ಊರನ್ನು ಮತ್ತೆ ಕಟ್ಟೋಕೆ ಬಡಗಿಗಳು ಬಂದರು, ಅವರಿಗೆ ಉಳಿ, ಗರಗಸ ಮಾಡಿಕೊಡೋಕೆ ಕಮ್ಮಾರರು ಬಂದರು. ಮನೆಗಳು ಎದ್ದ ಮೇಲೂ ಕುಲುಮೆಗಳು ಅಲ್ಲೇ ಉಳಿದವು. ಮಿಕಿ ಇವತ್ತಿಗೂ ಮರಗೆಲಸದ ಉಪಕರಣಗಳಿಗೆ ಹೆಸರುವಾಸಿ.

1876ರಲ್ಲಿ ಮೇಜಿ ಸರ್ಕಾರ ಸಮುರಾಯ್‌ಗಳು ಸೊಂಟದಲ್ಲಿ ಕತ್ತಿ ಸಿಕ್ಕಿಸಿಕೊಂಡು ಓಡಾಡೋದನ್ನು ನಿಷೇಧಿಸಿತು. ಅದಾಗಿ ಇಪ್ಪತ್ತು ವರ್ಷದೊಳಗೆ, 1890ರ ದಶಕದಲ್ಲಿ, ಮಿಕಿಯ ಕಮ್ಮಾರರು ಮಡಚುವ ಒಂದು ಸಣ್ಣ ಚಾಕು ಮಾಡತೊಡಗಿದರು. ಅಲ್ಲಿನ ವ್ಯಾಪಾರಿಯೊಬ್ಬ ದಕ್ಷಿಣದ ಕ್ಯೂಷು ದ್ವೀಪದಿಂದ ತಂದ ಮಾದರಿ ಅದಕ್ಕೆ ಮೂಲ ಅಂತಾರೆ. ಮಾರಾಟವೂ ಹೆಚ್ಚಾಗಿ ಆ ಕಡೆಗೇ ಇತ್ತು. ಹಾಗಾಗಿ ಇಟ್ಟ ಹೆಸರು ಹಿಗೋನೊಕಾಮಿ, ಅಂದರೆ 'ಹಿಗೊ ಪ್ರಾಂತ್ಯದ ಒಡೆಯ'. ಹಿಗೊ ಅಂದ್ರೆ ಈಗಿನ ಕುಮಾಮೊತೊ. ದೊಡ್ಡವರ ಸೊಂಟದಿಂದ ಕತ್ತಿ ಹೋಯ್ತು, ಮಕ್ಕಳ ಜೇಬಿಗೆ 'ಒಡೆಯ' ಬಂದ :-)

ಇಷ್ಟು ಸರಳವಾದ ಡಿಸೈನ್ ನಾನು ಬೇರೆಲ್ಲೂ ನೋಡಿಲ್ಲ. ಮಡಚಿದ ಒಂದು ಲೋಹದ ತಗಡು, ಅದೇ ಹಿಡಿ. ಒಂದು ಅಲಗು, ಒಂದು ರಿವೆಟ್. ಅಷ್ಟೇ. ಸ್ಪ್ರಿಂಗ್ ಇಲ್ಲ, ಲಾಕ್ ಇಲ್ಲ. ಅಲಗಿನ ಬುಡದಲ್ಲಿ ಬಾಲದ ಹಾಗೆ ಒಂದು ಚಾಚು ಇರುತ್ತೆ. ತೆರೆದಾಗ ಅದನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದರೆ ಅಲಗು ಮಡಚಿಕೊಳ್ಳಲ್ಲ. ಲಾಕ್ ಅಂದ್ರೆ ನಿಮ್ಮ ಹೆಬ್ಬೆರಳೇ! ಒಳ್ಳೆಯವುಗಳಲ್ಲಿ ಗಟ್ಟಿ ಉಕ್ಕನ್ನು ಮಧ್ಯದಲ್ಲಿಟ್ಟು ಎರಡೂ ಕಡೆ ಮೆದು ಕಬ್ಬಿಣ ಬೆಸೆದಿರುತ್ತಾರೆ. ಗಟ್ಟಿ ಉಕ್ಕು ಹರಿತ ಹಿಡಿಯುತ್ತೆ ಆದರೆ ಬೇಗ ಸಿಡಿಯುತ್ತೆ, ಮೆದು ಕಬ್ಬಿಣ ಅದನ್ನು ಕಾಯುತ್ತೆ. ಸಾಣೆಕಲ್ಲಿನ ಮೇಲೆ ಉಜ್ಜೋದೂ ಸುಲಭ. ಇಷ್ಟೆಲ್ಲ ಇದ್ದೂ ಬೆಲೆ ಅಗ್ಗ. ಎರಡು ಮೂರು ತಲೆಮಾರಿನ ಜಪಾನಿ ಮಕ್ಕಳು ಪೆನ್ಸಿಲ್ ಕೆತ್ತಿದ್ದು, ಬಿದಿರಿನ ಆಟಿಕೆ ಮಾಡಿಕೊಂಡಿದ್ದು ಇದರಲ್ಲೇ.

ಆಮೇಲೆ ಬಂತು 1960ರ ಅಕ್ಟೋಬರ್ 12. ಟೋಕಿಯೋದ ಹಿಬಿಯಾ ಸಭಾಂಗಣದಲ್ಲಿ ಸಮಾಜವಾದಿ ಪಕ್ಷದ ಅಧ್ಯಕ್ಷ ಇನೆಜಿರೊ ಅಸಾನುಮಾ ಭಾಷಣ ಮಾಡ್ತಿದ್ದರು. ಬಲಪಂಥೀಯ ಹುಡುಗನೊಬ್ಬ ವೇದಿಕೆಗೆ ನುಗ್ಗಿ, ಟೀವಿ ಕ್ಯಾಮೆರಾ ಎದುರಿಗೇ, ಅವರನ್ನು ಇರಿದು ಕೊಂದ. ಅವನ ಹೆಸರು ಒಟೊಯಾ ಯಾಮಾಗುಚಿ, ವಯಸ್ಸು ಹದಿನೇಳು. ಆ ಕ್ಷಣದ ಫೋಟೋ ತೆಗೆದ ಮೈನಿಚಿ ಪತ್ರಿಕೆಯ ಯಾಸುಶಿ ನಗಾವೊಗೆ 1961ರಲ್ಲಿ ಪುಲಿಟ್ಜರ್ ಬಂತು. ಹುಡುಗ ಮೂರೇ ವಾರಕ್ಕೆ ಬಂಧನದಲ್ಲಿ ನೇಣು ಹಾಕಿಕೊಂಡ.

ಅವನ ಕೈಯಲ್ಲಿದ್ದದ್ದು ಸಮುರಾಯ್ ಕಾಲದ ಮಾದರಿಯ ಗಿಡ್ಡ ಕತ್ತಿ, ಅಡಿಯಷ್ಟು ಉದ್ದದ್ದು. ಪೆನ್ಸಿಲ್ ಚಾಕುವಿಗೂ ಅದಕ್ಕೂ ಏನೂ ಸಂಬಂಧ ಇರಲಿಲ್ಲ. ಆದರೆ ಟೀವಿಯಲ್ಲಿ ಅದನ್ನು ನೋಡಿದ ಅಪ್ಪ ಅಮ್ಮಂದಿರಿಗೆ ಕಂಡಿದ್ದು ಎರಡೇ: ಹದಿನೇಳರ ಹುಡುಗ, ಅವನ ಕೈಯಲ್ಲಿ ಹರಿತವಾದದ್ದು. ಮಕ್ಕಳ ಕೈಗೆ ಚಾಕು ಕೊಡಬೇಡಿ ಅನ್ನೋ ಚಳವಳಿ ದೇಶದ ತುಂಬ ಹಬ್ಬಿತು. ಶಾಲೆಗಳಿಂದ ಹಿಗೋನೊಕಾಮಿ ಮಾಯವಾಯ್ತು. ಪೆನ್ಸಿಲ್ ಚೂಪು ಮಾಡೋ ಯಂತ್ರಗಳು ಮನೆ ಮನೆಗೆ ಬರ್ತಿದ್ದ ಕಾಲವೂ ಅದೇ, ಹಾಗಾಗಿ ಎಲ್ಲ ತಪ್ಪನ್ನೂ ಹೆದರಿಕೆಯ ತಲೆಗೆ ಕಟ್ಟೋದು ನ್ಯಾಯವಲ್ಲ. ಏನೇ ಆಗಲಿ, ಮಿಕಿಯಲ್ಲಿ ಒಂದರ ಹಿಂದೆ ಒಂದು ಕುಲುಮೆ ಈ ಕೆಲಸ ಬಿಟ್ಟಿತು. ಆ ಹೆಸರನ್ನು ಅಧಿಕೃತವಾಗಿ ಬಳಸೋ ತಯಾರಕರಾಗಿ ಈಗ ಉಳಿದಿರೋದು ಒಂದೇ ಮನೆತನ, ನಗಾವೊ ಕಾನೆಕೊಮಾ. (ಫೋಟೋಗ್ರಾಫರ್‌ನ ಅಡ್ಡಹೆಸರೂ ಕೇಳೋಕೆ ಹಾಗೇ. ಬರೀ ಕಾಕತಾಳೀಯ, ಆದ್ರೂ ಓದುವಾಗ ಮೈ ಜುಂ ಅಂತು.)

ಒಂದು ವಿಚಿತ್ರ ಅಂದ್ರೆ, ನಗಾನೊ ಪ್ರಾಂತ್ಯದ ಇಕೆಡಾ ಪಟ್ಟಣದ ಪ್ರಾಥಮಿಕ ಶಾಲೆಯೊಂದು 1980ರ ದಶಕದಲ್ಲಿ ಉಲ್ಟಾ ಹೊರಟಿತು. ಒಂದನೇ ಕ್ಲಾಸಿಗೆ ಸೇರೋ ಮಕ್ಕಳಿಗೆಲ್ಲ ಒಂದೊಂದು ಹಿಗೋನೊಕಾಮಿ ಕೊಟ್ಟು, ಪೆನ್ಸಿಲ್ ಕೆತ್ತೋದನ್ನು ಕಲಿಸೋ ಪದ್ಧತಿ ಶುರು ಮಾಡಿತು. ಆರು ವರ್ಷದ ಮಕ್ಕಳು! ಇದನ್ನು ಅಕ್ಕನಿಗೆ ಫೋನಿನಲ್ಲಿ ಹೇಳಿದೆ. "ಅದು ಜಪಾನ್ ಕಣೋ" ಅಂದಳು.

ಸರಿ, ಹುಡುಗನಿಗೆ ಇದನ್ನೇ ತರಿಸೋಣ ಅಂದ್ಕೊಂಡೆ. ಆದರೆ ಹೆಬ್ಬೆರಳು ಸಡಿಲವಾದರೆ? ಕೊಯ್ಯುವಾಗ ತೊಂದರೆ ಕಡಿಮೆ. ಚುಚ್ಚೋಕೆ ಹೋದರೆ ಮಾತ್ರ ಅಲಗು ಮಡಚಿ ಸೀದಾ ಬೆರಳ ಮೇಲೆ ಬರುತ್ತೆ. ಈ ನನ್ನ ಅಳಿಯ ಚುಚ್ಚದೇ ಬಿಡೋ ಪೈಕಿ ಅಲ್ಲ.

ಅಗ್ಗದ ಚಾಕುಗಳಲ್ಲಿ ಈ ತೊಂದರೆಗೆ ಪರಿಹಾರ ಸಿಕ್ಕಿದ್ದು ಫ್ರಾನ್ಸಿನ ಸವೋಯ್ ಬೆಟ್ಟಗಳ ಒಪಿನೆಲ್‌ನಲ್ಲಿ. ಉಪಕರಣ ಮಾಡೋ ಮನೆಯ ಜೋಸೆಫ್ ಒಪಿನೆಲ್ 1890ರಲ್ಲಿ ಇದನ್ನು ಮಾಡಿದಾಗ ಅವನಿಗಿನ್ನೂ ಹದಿನೆಂಟು. ಮರದ ಹಿಡಿ, ಒಂದೇ ಅಲಗು. ಹೆಚ್ಚುಕಮ್ಮಿ ಹಿಗೋನೊಕಾಮಿಯ ಓರಗೆಯದೇ. 1897ರಲ್ಲಿ 1ರಿಂದ 12ರವರೆಗೆ ನಂಬರ್ ಹಾಕಿ ಹನ್ನೆರಡು ಅಳತೆಗಳಲ್ಲಿ ಬಂತು. ಇದಕ್ಕೂ ಅರವತ್ತೈದು ವರ್ಷ ಲಾಕ್ ಇರಲಿಲ್ಲ. 1955ರಲ್ಲಿ ಹಿಡಿಯ ಕುತ್ತಿಗೆಗೆ ತಿರುಗಿಸುವ ಒಂದು ಉಕ್ಕಿನ ಬಳೆ ಸೇರಿಸಿದರು. ಬಳೆ ತಿರುಗಿಸಿದರೆ ಅಲಗು ಮಡಚಲ್ಲ. ಅದರಿಂದ ಬೆಲೆಯೇನೂ ಕೈಗೆಟುಕದ ಹಾಗೆ ಏರಲಿಲ್ಲ. ಮಕ್ಕಳಿಗೆಂದೇ 7ನೇ ನಂಬರಿನಲ್ಲಿ ತುದಿ ದುಂಡಗಿರೋ ಒಂದು ಮಾದರಿ ಇದೆ, ಎಂಟು ಸೆಂಟಿಮೀಟರ್ ಅಲಗು. ದುಂಡು ತುದಿಯೂ ಫ್ರಾನ್ಸಿಗೆ ಹೊಸದಲ್ಲ ಬಿಡಿ, ಚೂಪು ಮೊನೆಯ ಚಾಕು ಬೇಡ ಅಂತ 14ನೇ ಲೂಯಿ 1669ರಲ್ಲೇ ಅಪ್ಪಣೆ ಹೊರಡಿಸಿದ್ದ.

ಕೊನೆಗೆ ತರಿಸಿದ್ದು ಅದನ್ನೇ, ಸ್ಟೇನ್‌ಲೆಸ್ ಅಲಗಿನದ್ದು. ಕಾರ್ಬನ್ ಉಕ್ಕಿನದಾದರೆ ಮಾವಿನಕಾಯಿ ಹೆಚ್ಚಿ ಹಾಗೇ ಇಟ್ಟರೆ ಕಪ್ಪಾಗುತ್ತೆ, ಮರೆತರೆ ತುಕ್ಕು. ಶಾಲೆಗೆ ಒಯ್ಯೋ ಹಾಗಿಲ್ಲ, ಯಾರಿಗಾದರೂ ಕೊಡುವಾಗ ಮಡಚಿಯೇ ಕೊಡಬೇಕು ಅಂತ ಎರಡು ಷರತ್ತು ಹಾಕಿದೆ. ಅಕ್ಕ ಮೂರನೆಯದನ್ನು ಸೇರಿಸಿದಳು: ಚಾಕು ಇರೋದು ಅಡುಗೆಮನೆಯ ಶೆಲ್ಫಿನಲ್ಲಿ, ಬೇಕಾದಾಗ ಕೇಳಿ ತಗೋಬೇಕು.

ಮೊನ್ನೆ ಭಾನುವಾರ ಫೋನ್ ಮಾಡಿದ್ದೆ. "ಹೆಂಗಿದೆಯೋ ನಿನ್ನ ಚಾಕು?" ಅಂದೆ. "ನಂಗೆಲ್ಲಿ ಸಿಗತ್ತೆ ಮಾವ, ಅಮ್ಮ ಅದ್ರಲ್ಲೇ ಬೀನ್ಸ್ ಹೆಚ್ತಾ ಇದಾಳೆ" ಅಂದ.